ಆಪತ್ತಿಗೆ ಒಂದೇ ಕೋವಿ ಎಂದರೆ ಯಾವುದು? ಕೊಡಗಿನ ಕೋವಿ, ಬೇಟೆಯ ಕಾನೂನು: ಇಲ್ಲಿದೆ ಪೂರ್ಣ ಮಾಹಿತಿ

ಕಾಡಿನಲ್ಲಿ ಸಿಕ್ಕಿಬಿದ್ದಾಗ ಜೀವ ಉಳಿಸಿಕೊಳ್ಳಲು, ಹೊಟ್ಟೆ ತುಂಬಿಸಿಕೊಳ್ಳಲು ಒಂದೇ ಒಂದು ಕೋವಿ ಇಟ್ಟುಕೊಳ್ಳಬಹುದು ಎಂದಾದರೆ ಯಾವುದನ್ನು ಆರಿಸುತ್ತೀರಿ? ಅಮೆರಿಕದಲ್ಲಿ ಇದು ಮುಗಿಯದ ಚರ್ಚೆ. ನಮ್ಮ ಕೊಡಗು, ಮಲೆನಾಡಿನ ಮನೆಗಳು ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿವೆ. ಆದರೆ ಪ್ರಶ್ನೆಯ ಅರ್ಧ ಭಾಗ, ಅಂದರೆ ಬೇಟೆ, ಇಂದು ಅಪರಾಧ. ಎರಡನ್ನೂ ತಿಳಿದುಕೊಳ್ಳೋಣ.

ಗಗನಯಾತ್ರಿಗಳಿಗೂ ಕೋವಿ!

1965ರ ಮಾರ್ಚ್‌ನಲ್ಲಿ ಸೋವಿಯತ್ ಗಗನಯಾತ್ರಿಗಳಾದ ಅಲೆಕ್ಸಿ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಅವರಿದ್ದ ವೊಸ್ಖೋದ್-2 ನೌಕೆ ಗುರಿ ತಪ್ಪಿ ಹಿಮ ತುಂಬಿದ ದಟ್ಟ ಕಾಡಿನಲ್ಲಿ ಇಳಿಯಿತು. ತೋಳ, ಕರಡಿಗಳ ಭಯದ ನಡುವೆ ಅವರು ಎರಡು ರಾತ್ರಿ ಕಳೆಯಬೇಕಾಯಿತು. ಮುಂದೆ 1980ರ ದಶಕದಲ್ಲಿ ಗಗನಯಾತ್ರಿಗಳಿಗೆಂದೇ ಟಿಪಿ-82 ಎಂಬ ಮೂರು ನಳಿಗೆಯ ಪಿಸ್ತೂಲು ಸಿದ್ಧವಾಯಿತು. ಎರಡು ನಳಿಗೆ ಚರೆ ಹಾರಿಸಲು, ಒಂದು ರೈಫಲ್ ಗುಂಡಿಗೆ. ಒಂದೇ ಆಯುಧ ಎಲ್ಲ ಕೆಲಸಕ್ಕೂ ಒದಗಬೇಕು ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ತೋಟಾ ಕೋವಿಯೋ, ರೈಫಲ್ಲೋ?

* .22 ರೈಫಲ್: ಹಗುರ, ಸದ್ದು ಕಡಿಮೆ. 12 ಬೋರ್‌ನ ಒಂದು ತೋಟಾದ ತೂಕಕ್ಕೆ ಹತ್ತಕ್ಕೂ ಹೆಚ್ಚು .22 ಗುಂಡು ಒಯ್ಯಬಹುದು. ಆದರೆ ನುಗ್ಗಿ ಬರುವ ಹಂದಿಯನ್ನು ತಡೆಯುವ ಶಕ್ತಿ ಇದಕ್ಕಿಲ್ಲ. ಗಾಯಗೊಂಡ ಹಂದಿ ಇನ್ನಷ್ಟು ಅಪಾಯಕಾರಿ.

* ದೊಡ್ಡ ರೈಫಲ್: ದೂರದ ಗುರಿಗೆ ಸರಿ. ಆದರೆ ಗುರಿ ತಪ್ಪಿದ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗಬಲ್ಲದು. ಲೈನ್ ಮನೆಗಳು, ಕೂಲಿಯವರು ಇರುವ ಕಾಫಿ ತೋಟದಲ್ಲಿ ಇದು ದೊಡ್ಡ ಗಂಡಾಂತರ.

* ಕೇಪಿನ ಕೋವಿ: ಒಂದು ಈಡು ಹಾರಿದ ಮೇಲೆ ಮದ್ದು, ಚರೆಯನ್ನು ನಳಿಗೆಯ ಬಾಯಿಂದ ಮತ್ತೆ ತುಂಬಬೇಕು. ಮಲೆನಾಡಿನ ಮಳೆಗೆ ಮದ್ದು ತೇವವಾದರೆ ಈಡು ಹಾರುವುದೇ ಇಲ್ಲ.

* 12 ಬೋರ್ ಜೋಡಿ ನಳಿಗೆ: ಒಂದು ನಳಿಗೆಗೆ ಸಣ್ಣ ಚರೆಯ ತೋಟಾ, ಇನ್ನೊಂದಕ್ಕೆ ದಪ್ಪ ಚರೆಯದು ಹಾಕಬಹುದು. ಮೊದಲ ಈಡು ತಪ್ಪಿದರೆ ಎರಡನೆಯದು ಸಿದ್ಧ. ಚರೆಯ ಪರಿಣಾಮ ಸುಮಾರು 35-40 ಮೀಟರ್‌ವರೆಗೆ ಮಾತ್ರ. ಮರಗಳ ನಡುವೆ ಅಷ್ಟು ಸಾಕು.

ಹೀಗಾಗಿ ಒಂದೇ ಕೋವಿ ಎಂದರೆ 12 ಬೋರ್ ತೋಟಾ ಕೋವಿಯೇ ಹೆಚ್ಚು ಸೂಕ್ತ.

ಕೊಡಗಿನ ವಿನಾಯಿತಿ ಏನು?

ಕೊಡವ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವ ಪದ್ಧತಿಯಿದೆ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ನಡೆಯುತ್ತದೆ. 1861ರಿಂದಲೂ ಇವರಿಗೆ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಜಮ್ಮಾ ಭೂಮಿ ಹಿಡುವಳಿದಾರರಿಗೂ ಇದು ಅನ್ವಯ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ, ಬೇಟೆಗೆ ಅಲ್ಲ.

ಉಳಿದವರು ಏನು ಮಾಡಬೇಕು?

ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಜಿಲ್ಲಾಧಿಕಾರಿಗೆ, ನಗರಗಳಲ್ಲಾದರೆ ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು. ಬೆಳೆ ರಕ್ಷಣೆಯ ಕಾರಣಕ್ಕೂ ಪರವಾನಗಿ ಕೇಳಬಹುದು. ಪೊಲೀಸರ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಗರಿಷ್ಠ ಎರಡು ಬಂದೂಕು, ಪರವಾನಗಿ ಅವಧಿ 5 ವರ್ಷ. ಪರವಾನಗಿ ಇಲ್ಲದ ಕೋವಿ ಸಿಕ್ಕರೆ 2ರಿಂದ 5 ವರ್ಷ ಜೈಲು.

ಇನ್ನೊಂದು ತೊಡಕು ಇದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಬೆಳೆ ಕಾಯುವುದು ಹೇಗೆ ಎಂಬುದು ರೈತರ ಹಳೆಯ ದೂರು.

ಹಸಿವಾದರೆ ಬೇಟೆಯಾಡಬಹುದೇ?

ಇಲ್ಲ. ಒಂದು ಕಾಲದಲ್ಲಿ ಬೇಟೆಗೆಂದೇ ಮೀಸಲಾಗಿದ್ದ ಚೆನ್ನೈನ ಗಿಂಡಿ ಕಾಡು 1978ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕೃಷ್ಣಮೃಗವನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಂದಿಗೂ ಅನ್ವಯಿಸುತ್ತದೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಸೆಕ್ಷನ್ 11ರ ಪ್ರಕಾರ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನೀವೇ ಕಾಯ್ದೆ ಉಲ್ಲಂಘಿಸುತ್ತಿದ್ದರೆ ಈ ರಕ್ಷಣೆ ಸಿಗದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಹಸಿವು ಎಂಬ ಕಾರಣ ಈ ಸೆಕ್ಷನ್‌ನಲ್ಲಿ ಎಲ್ಲಿಯೂ ಇಲ್ಲ.

ಕಾನೂನಿನ ಭಯಕ್ಕಿಂತ ದೊಡ್ಡದು ಇನ್ನೊಂದಿದೆ. ಕತ್ತಲಲ್ಲಿ ಪೊದೆ ಅಲುಗಿತೆಂದು ಪ್ರಾಣಿ ಎಂದುಕೊಂಡು ಜೊತೆಗಾರನಿಗೇ ಗುಂಡು ಹಾರಿಸಿದ ಪ್ರಕರಣಗಳು ಕೊಡಗು, ಮಲೆನಾಡಿನಿಂದ ವರದಿಯಾಗುತ್ತಲೇ ಇವೆ. ಗುರಿ ಏನೆಂದು ಕಣ್ಣಾರೆ ಕಾಣುವವರೆಗೆ ಕುದುರೆಯ ಮೇಲೆ ಬೆರಳಿಡಬಾರದು. ಮನೆಯಲ್ಲಿ ಕೋವಿಯಿಂದ ತೋಟಾ ತೆಗೆದು, ಎರಡನ್ನೂ ಬೇರೆ ಬೇರೆ ಬೀಗದಲ್ಲಿಡಬೇಕು.

2018 ಕಲಿಸಿದ ಪಾಠ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಜಿಲ್ಲೆಯಲ್ಲಿ ಕೋವಿಗಳಿಗೆ ಬರವಿರಲಿಲ್ಲ. ಆದರೆ ಜನರಿಗೆ ಬೇಕಾಗಿದ್ದು ಅಕ್ಕಿ, ಕುಡಿಯುವ ನೀರು, ಔಷಧ, ಹಗ್ಗ ಮತ್ತು ಟಾರ್ಚ್. ಹೊಟ್ಟೆ ತುಂಬಿಸಿದ್ದು ಪರಿಹಾರ ಕೇಂದ್ರಗಳು. ಕಾಡಂಚಿನ ಮನೆಗೆ ಪರವಾನಗಿಯ 12 ಬೋರ್ ಕೋವಿ ಒಂದು ಧೈರ್ಯ, ನಿಜ. ಆದರೆ ಆಪತ್ತಿನ ಸಿದ್ಧತೆ ಶುರುವಾಗಬೇಕಾದದ್ದು ಅಡುಗೆಮನೆಯಿಂದ.