ಪ್ರಾಸ್ಟೇಟ್ ಆಪರೇಷನ್: ಬಾಲ್ಟಿಮೋರ್‌ನಿಂದ ನಮ್ಮ ಡೆಟ್ರಾಯಿಟ್‌ವರೆಗೆ

ಯುಗಾದಿ, ದೀಪಾವಳಿ ಊಟಕ್ಕೆ ನಮ್ಮ ಕೂಟದ ಗಂಡಸರು ನಾಲ್ಕು ಜನ ಸೇರಿದರೆ ಸಕ್ಕರೆ ಕಾಯಿಲೆ, ಬಿ.ಪಿ., ಬೈಪಾಸ್ ಎಲ್ಲವನ್ನೂ ಹೋಳಿಗೆಯ ಜೊತೆಗೇ ಮಾತಾಡಿ ಮುಗಿಸುತ್ತೇವೆ. ಪ್ರಾಸ್ಟೇಟ್ ಎಂದ ಕೂಡಲೇ ಮಾತ್ರ ದನಿ ತಗ್ಗುತ್ತದೆ. ಆಪರೇಷನ್ ಆಯಿತು, ಕ್ಯಾನ್ಸರ್ ಹೋಯಿತು ಎಂದು ಹೇಳಿಕೊಳ್ಳುವವರೂ ಆಮೇಲೆ ತಿಂಗಳುಗಟ್ಟಲೆ ಪ್ಯಾಡ್ ಇಟ್ಟುಕೊಂಡು ಓಡಾಡಿದ್ದನ್ನು ಹೇಳುವುದಿಲ್ಲ. ಊರಿನಿಂದ ಬಂದ ತಂದೆಯವರು ನಯಾಗರ ನೋಡಲು ಬರುವುದಿಲ್ಲವೆಂದು ಹಟ ಹಿಡಿದರೆ ನಾವು ಅದನ್ನು ವಯಸ್ಸಿನ ಮೇಲೆ ಹಾಕುತ್ತೇವೆ. ಕಾರಣ ಇದೂ ಇರಬಹುದು. ಈ ಸೋರಿಕೆಯೊಡನೆ ವೈದ್ಯರು ನಡೆಸಿದ ಹೋರಾಟಕ್ಕೆ ದೀರ್ಘ ಇತಿಹಾಸವಿದೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಡೆಟ್ರಾಯಿಟ್‌ನಲ್ಲೇ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ ಕುಳಿತಿರುತ್ತದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ಮೂತ್ರ ತಡೆಯಲು ಎರಡು ಬಾಗಿಲುಗಳಿವೆ. ಒಂದು ಮೂತ್ರಕೋಶದ ಕೊರಳಲ್ಲಿ, ಇನ್ನೊಂದು ಗ್ರಂಥಿಯ ಕೆಳತುದಿಗೆ ಹೊಂದಿಕೊಂಡ ಸ್ನಾಯುವಿನ ಉಂಗುರ. ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿಯನ್ನು ತೆಗೆದಾಗ ಮೊದಲನೆಯ ಬಾಗಿಲು ಬಹುಮಟ್ಟಿಗೆ ಕೆಡುತ್ತದೆ. ಮೂತ್ರಕೋಶವನ್ನು ಕೆಳಗೆ ಎಳೆದು ನಾಳಕ್ಕೆ ಹೊಲಿಯುತ್ತಾರೆ. ಉಳಿದ ಒಂದು ಬಾಗಿಲು ಎರಡರ ಕೆಲಸವನ್ನೂ ಕಲಿಯಬೇಕು. ಅದಕ್ಕೂ ಪೆಟ್ಟಾಗಿದ್ದರೆ ಸೋರಿಕೆಯೇ ಗತಿ.

ಇಂಥ ಆಪರೇಷನ್ನನ್ನು 1904ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಮಾಡಿದರು, ವೃಷಣ ಮತ್ತು ಗುದದ್ವಾರದ ನಡುವಿನ ಜಾಗದಿಂದ. 1940ರ ದಶಕದಲ್ಲಿ ಲಂಡನ್ನಿನಲ್ಲಿದ್ದ ಐರಿಷ್ ವೈದ್ಯ ಟೆರೆನ್ಸ್ ಮಿಲಿನ್ ಕಿಬ್ಬೊಟ್ಟೆಯ ಕಡೆಯಿಂದ ದಾರಿ ಮಾಡಿದರು. ಆದರೆ ಗ್ರಂಥಿಯ ಮುಂದೆಯೇ ರಕ್ತನಾಳಗಳ ಗೊಂಚಲಿದೆ. ಅದು ಹರಿದರೆ ರಕ್ತ ತುಂಬಿ ಏನೂ ಕಾಣುತ್ತಿರಲಿಲ್ಲ. ಸರ್ಜನ್ ಬೆರಳಿನ ಸ್ಪರ್ಶದಿಂದಲೇ ಕೆಲಸ ಮುಗಿಸಬೇಕಿತ್ತು. ಕಾಣದ ಸ್ನಾಯುವನ್ನು ಉಳಿಸುವುದು ಹೇಗೆ?

ಮತ್ತೆ ಹಾಪ್ಕಿನ್ಸ್‌ನಲ್ಲೇ, ಪ್ಯಾಟ್ರಿಕ್ ವಾಲ್ಶ್ 1970ರ ದಶಕದಲ್ಲಿ ಆ ಗೊಂಚಲಿನ ರಚನೆಯನ್ನು ಅರಿತು ರಕ್ತವನ್ನು ಹಿಡಿತಕ್ಕೆ ತಂದರು. 1981ರಲ್ಲಿ ಅವರು ನೆದರ್‌ಲ್ಯಾಂಡ್ಸ್‌ನ ಲೈಡನ್‌ಗೆ ಹೋದಾಗ, ನಿವೃತ್ತರಾಗಿದ್ದ ಪ್ರೊಫೆಸರ್ ಪೀಟರ್ ಡಾಂಕರ್ ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ಸೂಕ್ಷ್ಮ ನರಗಳನ್ನು ಬಿಡಿಸಿ ನೋಡುತ್ತಿದ್ದರು. ದೊಡ್ಡವರಲ್ಲಿ ಕೊಬ್ಬಿನೊಳಗೆ ಅಡಗಿಹೋಗುವ ನರಗಳು ಅಲ್ಲಿ ಸ್ಪಷ್ಟವಾಗಿ ಕಂಡವು. ಅವು ಗ್ರಂಥಿಯ ಒಳಗಿಲ್ಲ, ಹೊರಮೈಗೆ ಒತ್ತಿಕೊಂಡು ಹೋಗುತ್ತವೆ. 1982ರ ಏಪ್ರಿಲ್‌ನಲ್ಲಿ ವಾಲ್ಶ್ ಅವನ್ನು ಉಳಿಸಿ ಆಪರೇಷನ್ ಮಾಡಿದರು. ಆ ನರಗಳು ಮುಖ್ಯವಾಗಿ ಪುರುಷತ್ವಕ್ಕೆ ಸಂಬಂಧಿಸಿದವು ನಿಜ, ಆದರೆ ರಕ್ತವಿಲ್ಲದ ಜಾಗದಲ್ಲಿ ಕಣ್ಣಿಟ್ಟು ಕೆಲಸ ಮಾಡುವುದು ಸಾಧ್ಯವಾದ್ದರಿಂದ ಮೂತ್ರದ ಸ್ನಾಯುವಿಗೂ ಬಹಳ ಉಪಕಾರವಾಯಿತು. ನಮ್ಮನ್ನು ಕೇಳಿದರೆ, ಇಡೀ ಕಥೆಯ ದೊಡ್ಡ ತಿರುವು ರೋಬಾಟ್ ಅಲ್ಲ, ಇದೇ.

ರೋಬಾಟ್ ಎಂಬ ಹೆಸರೂ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಅದು ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ಅದೇ ಕೋಣೆಯ ಮೂಲೆಯಲ್ಲಿ ಯಂತ್ರದ ಮುಂದೆ ಕುಳಿತು, ಹಿಗ್ಗಿಸಿದ ಚಿತ್ರ ನೋಡುತ್ತಾ ಕೈಬೆರಳು ಆಡಿಸುತ್ತಾರೆ. ರೋಗಿಯ ಹೊಟ್ಟೆಯೊಳಗಿನ ಪುಟ್ಟ ಉಪಕರಣಗಳು ಮಣಿಕಟ್ಟಿನಂತೆ ತಿರುಗುತ್ತವೆ. ದೂರದ ಯುದ್ಧಭೂಮಿಯ ಸೈನಿಕರಿಗೆ ಚಿಕಿತ್ಸೆ ಮಾಡಬೇಕೆಂದು ಅಮೆರಿಕದ ಸೇನೆ ಹಣ ಹಾಕಿದ ಸಂಶೋಧನೆಯ ಫಲ ಇದು. 2000ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಪ್ರಾಸ್ಟೇಟ್‌ಗೆ ಇದನ್ನು ಬಳಸಿದರು. ಆದರೆ ಅದನ್ನು ದಿನನಿತ್ಯದ ಆಪರೇಷನ್ ಮಾಡಿದ್ದು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಡಾ. ಮಣಿ ಮೆನನ್. ಕೇರಳದ ತ್ರಿಶ್ಶೂರಿನವರು, ಪಾಂಡಿಚೇರಿಯ ಜಿಪ್ಮರ್‌ನಲ್ಲಿ ಓದಿ ಹಾಪ್ಕಿನ್ಸ್‌ನಲ್ಲಿ ತರಬೇತಿ ಪಡೆದವರು. ಅಲ್ಲಿನ ಯುರಾಲಜಿ ಸಂಸ್ಥೆಗಿರುವ ವಟ್ಟಿಕುಟಿ ಎಂಬ ಹೆಸರು ದೇಣಿಗೆ ಕೊಟ್ಟ ಆಂಧ್ರ ಮೂಲದ ಉದ್ಯಮಿಯದು.

ಯಂತ್ರ ಬಂದ ಮಾತ್ರಕ್ಕೆ ಸೋರಿಕೆ ನಿಂತಿತೇ? ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ರೋಬಾಟ್, ಇನ್ನೊಂದಕ್ಕೆ ಹಳೆಯ ರೀತಿ ಹೊಟ್ಟೆ ಕೊಯ್ದು ಮಾಡಿದರು. 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹನ್ನೆರಡು ವಾರಕ್ಕೆ ಮೂತ್ರದ ಹಿಡಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ರೋಬಾಟ್‌ನಲ್ಲಿ ರಕ್ತ ಕಡಿಮೆ ಹೋಯಿತು, ಅಷ್ಟೆ.

ವ್ಯತ್ಯಾಸ ಬಂದದ್ದು ಒಳಗೆ ಏನನ್ನು ಮುಟ್ಟುತ್ತಾರೆ, ಏನನ್ನು ಬಿಡುತ್ತಾರೆ ಎಂಬುದರಿಂದ. ಇಟಲಿಯ ಮಿಲಾನ್‌ನ ಫ್ರಾಂಚೆಸ್ಕೊ ರೊಕ್ಕೊ ಸ್ನಾಯುವಿನ ಹಿಂಬದಿಗೆ ಆಧಾರವಾಗಿ ಹೊಲಿಗೆ ಹಾಕುವ ಕ್ರಮ ತಂದರು. ಅದೇ ಊರಿನ ಬೊಚ್ಚಾರ್ಡಿ 2010ರಲ್ಲಿ ಇನ್ನೊಂದು ದಾರಿ ತೋರಿಸಿದರು: ಮೂತ್ರಕೋಶವನ್ನು ಮುಂದಿನಿಂದ ಬಿಡಿಸುವುದೇ ಬೇಡ, ಹಿಂದಿನಿಂದ ಹೋಗಿ ಗ್ರಂಥಿಯನ್ನು ತೆಗೆಯೋಣ, ಮುಂದಿನ ತಂತುಗಳು ಇದ್ದಂತೆಯೇ ಇರಲಿ. ಇದನ್ನು ಹೆನ್ರಿ ಫೋರ್ಡ್‌ನವರು 120 ಜನರಲ್ಲಿ ಪರೀಕ್ಷಿಸಿದರು. ಕ್ಯಾಥೆಟರ್ ತೆಗೆದ ಒಂದು ವಾರಕ್ಕೆ ಹೊಸ ದಾರಿಯವರಲ್ಲಿ ಶೇಕಡ 71 ಜನರಿಗೆ ಹಿಡಿತ ಬಂದಿತ್ತು, ಹಳೆಯ ದಾರಿಯವರಲ್ಲಿ ಶೇಕಡ 48. ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಹೆಚ್ಚುಕಡಿಮೆ ಸಮನಾದರು. ಹಿಂದಿನಿಂದ ಹೋದರೆ ಗೆಡ್ಡೆಯ ಅಂಚು ಉಳಿದುಬಿಟ್ಟೀತೆಂಬ ಅಳುಕೂ ವೈದ್ಯರಲ್ಲಿದೆ. ಆದರೂ ಆ ಮೊದಲ ತಿಂಗಳುಗಳನ್ನು ಪ್ಯಾಡ್‌ನಲ್ಲಿ ಕಳೆದವರಿಗೆ ಅವು ಎಷ್ಟು ಉದ್ದವೆಂದು ಗೊತ್ತು.

ವ್ಯಾಯಾಮದ ಕಥೆ ಬೇರೆಯದೇ. 1948ರಲ್ಲಿ ಡಾ. ಆರ್ನಾಲ್ಡ್ ಕೆಗೆಲ್ ಬಾಣಂತನವಾದ ಹೆಂಗಸರಿಗಾಗಿ ಬರೆದದ್ದನ್ನು ಇಂದು ಗಂಡಸರೂ ಮಾಡುತ್ತಾರೆ; ಯೋಗದ ಮೂಲಬಂಧ ಬಲ್ಲವರಿಗೆ ಅದು ತೀರಾ ಅಪರಿಚಿತವೇನಲ್ಲ. ಆಪರೇಷನ್‌ಗೆ ಮೊದಲೇ ಕಲಿತುಕೊಳ್ಳುವುದು ಒಳ್ಳೆಯದು. ಇನ್ನು, ವರ್ಷ ಕಳೆದರೂ ಸೋರಿಕೆ ನಿಲ್ಲದವರಿಗೆ ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ 1970ರ ದಶಕದ ಆರಂಭದಲ್ಲೇ ಕೃತಕ ಬಾಗಿಲೊಂದನ್ನು ಮಾಡಿಟ್ಟರು. ನಾಳದ ಸುತ್ತ ನೀರು ತುಂಬಿದ ಪಟ್ಟಿ, ವೃಷಣ ಚೀಲದಲ್ಲಿ ಪುಟ್ಟ ಪಂಪ್; ಒತ್ತಿದರೆ ತೆರೆಯುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಅದರ ಸುಧಾರಿಸಿದ ರೂಪವನ್ನು ಇಂದಿಗೂ ಹಾಕುತ್ತಾರೆ. ನಮ್ಮಲ್ಲಿ ಎಷ್ಟೋ ಹಿರಿಯರು ಇದರ ಹೆಸರನ್ನೇ ಕೇಳಿಲ್ಲ, ಏಕೆಂದರೆ ಸೋರುತ್ತಿದೆ ಎಂದು ಅವರು ಡಾಕ್ಟರಿಗೂ ಹೇಳಿಲ್ಲ.