ತೀವ್ರ ನಿಗಾ ಘಟಕದಲ್ಲಿ ಡಿಜಿಟಲ್ ಸಂವಹನ

ಐಸಿಯು ಎಂದೇ ಎಲ್ಲರೂ ಕರೆಯುವ ತೀವ್ರ ನಿಗಾ ಘಟಕದಲ್ಲಿ ವೈದ್ಯರು, ದಾದಿಯರು ಮತ್ತು ತಂತ್ರಜ್ಞರು ರೋಗಿಯ ಸ್ಥಿತಿಯನ್ನು ಒಬ್ಬರಿಗೊಬ್ಬರು ತಿಳಿಸಲು ಪೇಜರ್, ಮೊಬೈಲ್ ಸಂದೇಶ, ಗಣಕೀಕೃತ ಕೇಸ್ ಶೀಟ್, ವಿಡಿಯೊ ಕರೆ ಮೊದಲಾದವನ್ನು ಬಳಸುವ ಪದ್ಧತಿ.

ಇದರ ಅಗತ್ಯ ಎಷ್ಟೆಂಬುದನ್ನು ಜೆರುಸಲೇಮಿನ ಒಂದು ಐಸಿಯುವಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ಒಬ್ಬ ರೋಗಿಗಾಗಿ ದಿನಕ್ಕೆ ಸರಾಸರಿ 178 ಕೆಲಸಗಳು ನಡೆಯುತ್ತಿದ್ದವು. ವೈದ್ಯರು ಮತ್ತು ದಾದಿಯರ ನಡುವಿನ ಮಾತುಕತೆ ಕಂಡದ್ದು ಅವುಗಳಲ್ಲಿ ಶೇ. 2ರಷ್ಟರಲ್ಲಿ ಮಾತ್ರ, ವರದಿಯಾದ ತಪ್ಪುಗಳಲ್ಲಿ ಶೇ. 37ರಷ್ಟು ಆ ಮಾತುಕತೆಗೇ ಸೇರಿದ್ದವು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಕಣ್ತೆರೆಸುವಂಥದು. ರೋಗಿಗೆ ಅಂದು ಆಗಬೇಕಾದ ಚಿಕಿತ್ಸೆಯ ಗುರಿ ಏನೆಂದು ಕಿರಿಯ ವೈದ್ಯರು ಮತ್ತು ದಾದಿಯರಲ್ಲಿ ಶೇ. 10ರಷ್ಟು ಜನರಿಗೂ ತಿಳಿದಿರಲಿಲ್ಲ. ರೌಂಡ್ಸ್ ವೇಳೆ ಗುರಿಗಳನ್ನು ಬರೆದಿಡುವ ಒಂದು ಹಾಳೆ ಬಂದ ಮೇಲೆ ಆ ಪ್ರಮಾಣ ಶೇ. 95 ದಾಟಿತು. ಅದು ಬರೀ ಕಾಗದ. ಆ ಹಾಳೆ ಮಾಡಿದಷ್ಟನ್ನು ಮಾಡದ ತಂತ್ರಾಂಶ ಎಷ್ಟು ದುಬಾರಿಯಾದರೂ ಐಸಿಯುವಿಗೆ ಹೊರೆಯೇ.

ಪೇಜರ್ ಬಹುಕಾಲ ಆಸ್ಪತ್ರೆಗಳ ಆಪ್ತ ಸಾಧನವಾಗಿತ್ತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಸುಮಾರು 1,30,000 ಪೇಜರ್‌ಗಳಿದ್ದಾಗ, 2021ರ ಕೊನೆಯೊಳಗೆ ಅವನ್ನು ಕೈಬಿಡಬೇಕೆಂದು ಅಲ್ಲಿನ ಸರ್ಕಾರ 2019ರಲ್ಲಿ ಸೂಚಿಸಿತು. ಕರೆದವರಿಗೆ ಉತ್ತರ ಕೊಡಲಾಗದ್ದು ಅದರ ಕೊರತೆ. ದಪ್ಪ ಗೋಡೆಗಳ ಒಳಗೂ ಸಂಕೇತ ಮುಟ್ಟುವುದು, ಬ್ಯಾಟರಿ ದೀರ್ಘಕಾಲ ಬಾಳುವುದು ಅದರ ಗುಣ. ವಾಟ್ಸ್‌ಆ್ಯಪ್ ಐಸಿಯುವಿಗೆ ಬಂದದ್ದು ಹೆಚ್ಚಾಗಿ ಯಾರ ಆದೇಶವೂ ಇಲ್ಲದೆ. ನಡುರಾತ್ರಿ ವೆಂಟಿಲೇಟರ್ ಪರದೆಯ ಅಥವಾ ಇಸಿಜಿಯ ಚಿತ್ರವನ್ನು ಮನೆಯಲ್ಲಿರುವ ಹಿರಿಯ ವೈದ್ಯರಿಗೆ ಕ್ಷಣದಲ್ಲಿ ಕಳಿಸಬಹುದೆಂಬುದೇ ಅದು ಬೇರೂರಲು ಸಾಕಾಯಿತು. ಅಪಾಯವೂ ಅಲ್ಲೇ ಇದೆ. ಫೋನಿನಲ್ಲಿ ಪೊಟ್ಯಾಸಿಯಂ ಮಟ್ಟ ತಿಳಿಸಿದಾಗ ಕೇಳಿಸಿಕೊಂಡವರು ಅಂಕಿಯನ್ನು ತಿರುಗಿ ಹೇಳಿ ಖಚಿತಪಡಿಸುವುದು ವಾಡಿಕೆ. ಸಂದೇಶದಲ್ಲಿ ಆ ಕ್ರಮ ತಪ್ಪಿಹೋಗುತ್ತದೆ. ನೀಲಿ ಗುರುತು ಓದಿದ್ದನ್ನು ತಿಳಿಸುತ್ತದೆ, ಹೊಣೆ ಹೊತ್ತದ್ದನ್ನಲ್ಲ. ಫೋನಿನಲ್ಲೇ ಉಳಿದ ಸೂಚನೆ ಕೇಸ್ ಶೀಟಿಗೆ ಏರದಿದ್ದರೆ ಮುಂದಿನ ಪಾಳಿಯವರ ಪಾಲಿಗೆ ಅದು ಇಲ್ಲವೇ ಇಲ್ಲ. ರೋಗಿಯ ಗುಟ್ಟು ಸ್ವಂತ ಫೋನಿನ ಕುಟುಂಬದ ಚಿತ್ರಗಳ ನಡುವೆ ಬಿದ್ದಿರುವುದೂ ಸಲ್ಲದು.

ದೂರದ ತಜ್ಞರು ಪರದೆಯ ಮೂಲಕ ಹಾಸಿಗೆಗಳನ್ನು ಗಮನಿಸುವ ಟೆಲಿ-ಐಸಿಯು ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ 2000ದಲ್ಲಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ ಕರ್ನಾಟಕದಲ್ಲೂ ಬೆಂಗಳೂರಿನ ತಜ್ಞರು ಜಿಲ್ಲಾಸ್ಪತ್ರೆಗಳ ವೈದ್ಯರೊಡನೆ ಹೀಗೆ ರೌಂಡ್ಸ್ ನಡೆಸಿದರು. ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದದ್ದು 2020ರ ಮಾರ್ಚಿನಲ್ಲಿ. ಹಾಸಿಗೆಯ ಮೇಲಿನ ಕ್ಯಾಮೆರಾ ನೆರವಿಗಿದೆಯೋ ತಮ್ಮ ತಪ್ಪು ಹುಡುಕಲಿಕ್ಕಿದೆಯೋ ಎಂಬ ಅಳುಕು ದಾದಿಯರಿಗೆ ಸಹಜ. ಅತ್ತಲಿನ ವೈದ್ಯರು ಹೆಸರು ಹಿಡಿದು ಮಾತಾಡಿಸಿ, ಅವರ ಅಭಿಪ್ರಾಯ ಕೇಳುವ ಕಡೆ ಅದು ಬೇಗ ಕರಗುತ್ತದೆ.

ಸರ್ವರ್ ಕೈಕೊಟ್ಟಾಗ ಬಳಸಲೆಂದು ಅಚ್ಚಾದ ಚಾರ್ಟುಗಳನ್ನು ಪೂರ್ಣ ಗಣಕೀಕೃತ ಘಟಕಗಳೂ ಕೈಗೆಟುಕುವಂತೆ ಇಟ್ಟುಕೊಂಡಿರುತ್ತವೆ.