ಸ್ಕಾಟರ ವಂಶಾವಳಿಯೂ ಹಳೆಯ ಪ್ಯಾರಿಷ್ ದಫ್ತರಗಳೂ

ಸ್ಕಾಟ್ಲೆಂಡು ಪುಟ್ಟ ದೇಶ. ಆದರೆ ಅದರ ಮಕ್ಕಳು ಲೋಕದ ಮೂಲೆಮೂಲೆಗೆ ಚದರಿಹೋದವರು. 18 ಮತ್ತು 19ನೆಯ ಶತಮಾನಗಳಲ್ಲಿ ಕೆಲವರು ಹೊಟ್ಟೆಪಾಡಿಗಾಗಿ, ಕೆಲವರು ಸೈನ್ಯದ ಚಾಕರಿಗಾಗಿ ಹಡಗು ಹತ್ತಿದರು. ಇನ್ನು ಕೆಲವರನ್ನು, ಕುರಿ ಸಾಕಣೆಯೇ ಹೆಚ್ಚು ಲಾಭದಾಯಕವೆಂದು ಕಂಡ ಜಮೀನ್ದಾರರು, ಅವರು ಉಳುತ್ತಿದ್ದ ನೆಲದಿಂದ ಎಬ್ಬಿಸಿದರು. ಇವರೆಲ್ಲರ ಮರಿಮಕ್ಕಳು ಇಂದು ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ನೆಲೆಸಿದ್ದಾರೆ. “ನಮ್ಮ ಹಿರಿಯರು ಯಾವ ಊರಿನವರು?” ಎಂದು ಅವರು ಕೇಳಿದರೆ, ರಾಜರ ಚರಿತ್ರೆಯಲ್ಲಿ ಅದಕ್ಕೆ ಉತ್ತರವಿಲ್ಲ. ಉತ್ತರವಿದ್ದರೆ ಅದು ಹಳ್ಳಿಯ ಚರ್ಚಿನ ಗುಮಾಸ್ತ ಬರೆದಿಟ್ಟ ಹಳೆಯ ದಫ್ತರದಲ್ಲಿರಬೇಕು.

ಒಂದು ಚರ್ಚಿಗೂ ಒಬ್ಬ ಪಾದ್ರಿಗೂ ಸೇರಿದ ಗ್ರಾಮಗಳ ಗುಂಪಿಗೆ ಪ್ಯಾರಿಷ್ ಎಂದು ಹೆಸರು. ಪ್ರತಿಯೊಂದು ಪ್ಯಾರಿಷ್ಷೂ ಮಕ್ಕಳ ದೀಕ್ಷಾಸ್ನಾನವನ್ನೂ ವಿವಾಹದ ಪ್ರಕಟನೆಯನ್ನೂ ಬರೆದಿಡತಕ್ಕದ್ದೆಂದು 1552ರಲ್ಲಿಯೇ ಅಲ್ಲಿನ ಧರ್ಮಸಭೆ ನಿಯಮ ಮಾಡಿತು. ಉಳಿದುಬಂದಿರುವ ದಫ್ತರಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಷೈರಿನ ಎರಲ್ ಎಂಬ ಊರಿನದು. ಅದು 1553ರಲ್ಲಿ ಆರಂಭವಾಗುತ್ತದೆ. 1560ರಲ್ಲಿ ಮತಸುಧಾರಣೆಯಾಗಿ ದೇಶದ ಚರ್ಚೇ ಬೇರೆಯಾಯಿತು; ಬರೆಯುವ ಪದ್ಧತಿ ಮಾತ್ರ ಉಳಿಯಿತು. 900ಕ್ಕೂ ಮಿಕ್ಕ ಪ್ಯಾರಿಷ್‌ಗಳ ಸುಮಾರು 3,500 ಸಂಪುಟಗಳು ಈಗ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಇಲಾಖೆಯ ವಶದಲ್ಲಿವೆ.

ಒಂದು ನಮೂದಿನಲ್ಲಿ ಏನೇನಿರುತ್ತದೆ? ಕವಿ ರಾಬರ್ಟ್ ಬರ್ನ್ಸನದನ್ನೇ ತೆಗೆದುಕೊಳ್ಳಿ. ಏರ್ ಪ್ಯಾರಿಷ್ಷಿನ ದಫ್ತರದಲ್ಲಿ, ಅಲೊವೇ ಗ್ರಾಮದ ವಿಲಿಯಂ ಬರ್ನ್ಸನಿಗೂ ಅವನ ಹೆಂಡತಿ ಆಗ್ನೆಸ್ ಬ್ರೌನಳಿಗೂ 1759ರ ಜನವರಿ 25ರಂದು ಹುಟ್ಟಿದ ಮಗನೆಂದು ಅವನ ಹೆಸರಿದೆ. ದೀಕ್ಷೆ ಕೊಟ್ಟ ಪಾದ್ರಿಯ ಹೆಸರಿದೆ. ಇಬ್ಬರು ಸಾಕ್ಷಿಗಳ ಹೆಸರಿದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ತಂದೆ ತನ್ನ ಹೆಸರನ್ನು ‘ಬರ್ನೆಸ್’ ಎಂದು ಬರೆಯುತ್ತಿದ್ದ. ಗುಮಾಸ್ತ ತನಗೆ ತೋಚಿದಂತೆ ‘ಬರ್ನ್ಸ್’ ಎಂದು ಬರೆದ. ಆದ್ದರಿಂದ ಹುಡುಕುವವರು ಒಂದೇ ಕಾಗುಣಿತವನ್ನು ನೆಚ್ಚಿ ಕೂರಬಾರದು. ಎರಡನೆಯದು, ತಾಯಿಗೆ ತವರಿನ ಹೆಸರೇ ಉಳಿದಿರುವುದು. ಮದುವೆಯಾದ ಮೇಲೂ ಹೆಣ್ಣಿನ ತವರಿನ ಹೆಸರನ್ನು ದಾಖಲೆಯಲ್ಲಿ ಬರೆಯುವುದು ಸ್ಕಾಟರ ರೂಢಿಯಾಗಿತ್ತು. ಇದರಿಂದ ತಾಯಿಯ ಕಡೆಯ ವಂಶವನ್ನೂ ಹಿಂಬಾಲಿಸಲು ದಾರಿಯಾಗುತ್ತದೆ.

ಹೆಸರಿಡುವುದರಲ್ಲಿಯೂ ಒಂದು ಕ್ರಮವಿತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯದೇ ಹೆಸರು. ಬರ್ನ್ಸನ ಮನೆಯಲ್ಲಿ ಹಾಗೆಯೇ ನಡೆದಿದೆ: ರಾಬರ್ಟ್, ಗಿಲ್ಬರ್ಟ್, ವಿಲಿಯಂ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮಗೂ ಹೊಸದಲ್ಲ. ಆದರೆ ಈ ಕ್ರಮ ನೆರವಾಗುವಷ್ಟೇ ತೊಡಕನ್ನೂ ತರುತ್ತದೆ. ಒಬ್ಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ, ಒಂದೇ ಪ್ಯಾರಿಷ್ಷಿನಲ್ಲಿ ಒಂದೇ ಹೆಸರಿನ ನಾಲ್ವರು ಮೊಮ್ಮಕ್ಕಳು ಓಡಾಡುತ್ತಿರಬಹುದು. ಅವರನ್ನು ಬೇರ್ಪಡಿಸುವುದು ತಾಯಿಯ ತವರಿನ ಹೆಸರು, ಹೊಲದ ಹೆಸರು, ಸಾಕ್ಷಿಗಳ ಹೆಸರು. ಸಾಕ್ಷಿಗಳು ಎಷ್ಟೋ ವೇಳೆ ನಂಟರೇ ಆಗಿರುತ್ತಾರೆ.

ಇಷ್ಟನ್ನು ಕೇಳಿ, ಎಲ್ಲರ ಹೆಸರೂ ದಫ್ತರದಲ್ಲಿರಬೇಕೆಂದು ತಾವು ಭಾವಿಸಬಹುದು. ಹಾಗಿಲ್ಲ. 1783ರಲ್ಲಿ ಬ್ರಿಟಿಷ್ ಸರ್ಕಾರ ದಫ್ತರದ ಒಂದೊಂದು ನಮೂದಿಗೂ ಮೂರು ಪೆನ್ನಿಯಂತೆ ತೆರಿಗೆ ಹಾಕಿತು. ತೀರ ದರಿದ್ರರಿಗೆ ವಿನಾಯಿತಿಯಿತ್ತು. ಆದರೆ ದರಿದ್ರನೆನಿಸಿಕೊಳ್ಳಲು ಒಪ್ಪದ, ಮೂರು ಪೆನ್ನಿ ಕೊಡಲೂ ಮನಸ್ಸು ಬಾರದ ಎಷ್ಟೋ ಮಂದಿ ಮಕ್ಕಳ ಹೆಸರನ್ನು ಬರೆಯಿಸಲೇ ಇಲ್ಲ. 1794ರಲ್ಲಿ ತೆರಿಗೆ ರದ್ದಾಯಿತು. ನಡುವಣ ಹನ್ನೊಂದು ವರ್ಷಗಳ ಹಾಳೆಗಳು ಹಲವೆಡೆ ಬಡವಾಗಿಯೇ ಉಳಿದವು. 1733ರಿಂದ ಮುಂದೆ ಚರ್ಚಿನಲ್ಲಿ ಒಡಕುಗಳಾದವು. 1843ರಲ್ಲಿ ದೊಡ್ಡ ಒಡಕೇ ಆಯಿತು. ಹೊರಬಂದವರ ಮಕ್ಕಳನ್ನು ಅನೇಕ ಕಡೆ ಹಳೆಯ ದಫ್ತರದಲ್ಲಿ ಬರೆಯಲಿಲ್ಲ.

ಮರಣದ ದಾಖಲೆಗಳಂತೂ ಇನ್ನೂ ವಿರಳ. ಹಲವು ಪ್ಯಾರಿಷ್‌ಗಳಲ್ಲಿ ಸತ್ತವರ ಪಟ್ಟಿ ಎಂದರೆ ಶವಪೆಟ್ಟಿಗೆಯ ಮೇಲೆ ಹೊದಿಸುವ ವಸ್ತ್ರಕ್ಕೆ ಬಂದ ಬಾಡಿಗೆಯ ಲೆಕ್ಕ. ಆ ಹಣ ಬಡವರ ನಿಧಿಗೆ ಹೋಗುತ್ತಿತ್ತು. ಬಾಡಿಗೆ ಕೊಡದವರ ಹೆಸರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಳೆಯ ಮಕ್ಕಳಿಗೆ ವಸ್ತ್ರವನ್ನೇ ಹೊದಿಸದ ಊರುಗಳಲ್ಲಿ ಆ ಮಕ್ಕಳ ಸಾವಿಗೆ ಗುರುತೇ ಇಲ್ಲ. ಉತ್ತರದ ಮಲೆನಾಡಿನಲ್ಲಿಯೂ ದ್ವೀಪಗಳಲ್ಲಿಯೂ ಕೆಲವು ದಫ್ತರಗಳು ಆರಂಭವಾದದ್ದೇ 19ನೆಯ ಶತಮಾನದಲ್ಲಿ. ಅಲ್ಲಿನ ಜನರ ನುಡಿ ಗೇಲಿಕ್, ಬರೆದದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ‘ಗಿಲ್ಲೆಸ್ಪಿಕ್’ ಎಂದು ಕರೆಸಿಕೊಂಡವನು ದಫ್ತರದಲ್ಲಿ ‘ಆರ್ಚಿಬಾಲ್ಡ್’ ಆದ. ಹೀಗೆ, ನೆಲ ಕಳೆದುಕೊಂಡು ದೇಶ ಬಿಟ್ಟವರ ಮರಿಮಕ್ಕಳಿಗೆ, ಅಂದರೆ ಹುಡುಕುವ ಹಂಬಲ ಯಾರಿಗೆ ಹೆಚ್ಚೋ ಅವರಿಗೇ, ದಾಖಲೆ ಕಡಿಮೆ.

ಆಗ ನೆರವಿಗೆ ಬರುವುದು ಚರ್ಚಿನ ಪಂಚಾಯಿತಿಯ ನಡವಳಿ ಪುಸ್ತಕ. ಪಾದ್ರಿಯೂ ಹಿರಿಯರೂ ಕೂಡಿ ನಡೆಸುತ್ತಿದ್ದ ಈ ಸಭೆಗೆ ಕರ್ಕ್ ಸೆಷನ್ ಎಂದು ಹೆಸರು. ಬಡವರಿಗೆ ಕೊಟ್ಟ ಸಹಾಯ, ನೆರೆಹೊರೆಯ ಜಗಳ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆ ಯಾರೆಂಬ ವಿಚಾರಣೆ ಎಲ್ಲವೂ ಅಲ್ಲಿವೆ. ಬರ್ನ್ಸನೂ ಜೀನ್ ಆರ್ಮರಳೂ ವಿಧಿವತ್ತಾಗಿ ಅಲ್ಲದೆ ಮದುವೆಯಾದುದನ್ನು 1788ರ ಆಗಸ್ಟ್ 5ರಂದು ಮಾಖ್ಲಿನ್ ಊರಿನ ಸೆಷನ್ನಿನ ಮುಂದೆ ಒಪ್ಪಿಕೊಂಡರು. ಕವಿ ಬಡವರಿಗಾಗಿ ಒಂದು ಗಿನಿ ಕೊಟ್ಟ. ಇಂಥ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಕ್ಕುವವರು ಬಡವರು ಮತ್ತು ಹೆಂಗಸರು. ದೀಕ್ಷೆಯ ದಫ್ತರ ಮರೆತವರನ್ನು ಅವಮಾನದ ದಫ್ತರ ನೆನಪಿಟ್ಟುಕೊಂಡಿದೆ.

1855ರ ಜನವರಿ 1ರಿಂದ ಜನನ, ವಿವಾಹ, ಮರಣಗಳ ನೋಂದಣಿ ಸರ್ಕಾರದ ಕೆಲಸವಾಯಿತು. ಆ ಮೊದಲ ವರ್ಷದ ಪತ್ರಗಳಲ್ಲಿ ತಂದೆತಾಯಿಯರ ವಯಸ್ಸು, ಹುಟ್ಟಿದ ಊರು, ಮದುವೆಯ ತಾರೀಖು ಎಲ್ಲವನ್ನೂ ಕೇಳಿ ಬರೆದರು. ಹೊರೆ ಹೆಚ್ಚಾಯಿತೆಂದು ಮರುವರ್ಷವೇ ಕಡಿಮೆ ಮಾಡಿದರು. ಆದ್ದರಿಂದ ಹುಡುಕುವವರು ತಿಳಿದದ್ದರಿಂದ ತಿಳಿಯದುದರ ಕಡೆಗೆ ಹಿಂದೆ ನಡೆಯಬೇಕು: ಮೊದಲು ಸರ್ಕಾರಿ ನೋಂದಣಿ, ಆಮೇಲೆ ಹುಟ್ಟಿದ ಪ್ಯಾರಿಷ್ಷನ್ನು ತಿಳಿಸುವ 1851ರ ಜನಗಣತಿ, ಕಡೆಯಲ್ಲಿ ಪ್ಯಾರಿಷ್ ದಫ್ತರ. ಈಗ ಇವುಗಳ ಸೂಚಿಗಳೂ ಚಿತ್ರಗಳೂ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ದೊರೆಯುವುದರಿಂದ, ಎಡಿನ್‌ಬರೋಗೆ ಹೋಗಲಾರದವರೂ ಮನೆಯಲ್ಲಿ ಕುಳಿತು ನೋಡಬಹುದು.

ಕನ್ನಡಿಗರಿಗೆ ಪರಿಚಿತನಾದ ಒಬ್ಬ ಸ್ಕಾಟನನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಮೋಜಣಿ ಮಾಡಿದ ಕಾಲಿನ್ ಮೆಕೆಂಜಿ, ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವನು. ನಮ್ಮ ಊರುಗಳ, ಪಾಳೆಯಗಾರರ ಮನೆತನಗಳ ಕೈಫಿಯತ್ತುಗಳನ್ನು ಅವನು ಈ ದೇಶದ ಸಹಾಯಕರ ಮೂಲಕ ಬರೆಯಿಸಿ ಕೂಡಿಸಿದ. ಇನ್ನೊಬ್ಬರ ವಂಶಾವಳಿಗಳನ್ನು ಅಷ್ಟು ಶ್ರದ್ಧೆಯಿಂದ ಉಳಿಸಿದ ಅವನ ಸ್ವಂತ ಹುಟ್ಟಿದ ವರ್ಷವನ್ನು ಕೆಲವರು 1753 ಎಂದೂ ಕೆಲವರು 1754 ಎಂದೂ ಬರೆಯುತ್ತಾರೆ.

ಸ್ಕಾಟ್ಲೆಂಡಿನ ದಫ್ತರಗಳನ್ನು ತೆರೆಯುವವರಿಗೆ ಹೇಳಬೇಕಾದ ಮಾತು ಇಷ್ಟೆ. ಹೆಸರು ಸಿಕ್ಕಿದೊಡನೆ ಅದು ನಮ್ಮವನದೇ ಎಂದು ನಂಬಬೇಡಿ. ತಾಯಿಯ ಹೆಸರನ್ನೂ ಊರನ್ನೂ ಹೋಲಿಸಿ ನೋಡಿ. ಹೆಸರು ಸಿಕ್ಕದಿದ್ದರೆ ಅಂಥವನೊಬ್ಬ ಇರಲಿಲ್ಲವೆಂದು ಹೇಳಿಬಿಡಬೇಡಿ. ಆ ವರ್ಷ ತೆರಿಗೆಯಿತ್ತೆ, ಮನೆಯವರು ಬೇರೆ ಚರ್ಚಿನವರಾಗಿದ್ದರೆ, ಹೊದಿಸಿದ ವಸ್ತ್ರಕ್ಕೆ ಹಣವಿತ್ತೆ ಎಂದು ಮೊದಲು ಕೇಳಿಕೊಳ್ಳಿ.